ಒಂದು ದಿನದ ಹೂವಿನ ಬುಡ

ಆದೋನಿ
13-10-1938, ಗುರುವಾರ

ತಾಯಿಯವರ ಪಾದಕ್ಕೆ ಮಗಳು ಮಹಾಂತಮ್ಮನ ಶರಣು.

ಅವ್ವಾ, ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆಯಲು ಕೂತೆ, ಕೈ ಒಪ್ಪಲಿಲ್ಲ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಈ ಸಲ ಬೈಯುವ ಸರದಿ ನನ್ನದು. ಕಾಗದವನ್ನು ಯಾರ ಕೈಲೂ ಓದಿಸದೆ ನೀನೇ ಅಕ್ಷರ ಕೂಡಿಸಿಕೊಂಡು ಓದು.

ಮೂರು ವರ್ಷದ ಹಿಂದೆ ಪೆದ್ದಹರಿವಾಣದ ನಿನ್ನ ಮನೆಯಲ್ಲಿ ಹೆತ್ತು, ಬರಿ ಮಡಿಲಲ್ಲಿ ಗಂಡನ ಮನೆಗೆ ಹೊರಟಾಗ, ಒಂದು ದಿನದ ಹೂವಿನ ಗಿಡವನ್ನು ಮಣ್ಣಿನ ಹೆಂಟೆ ಸಮೇತ ನನ್ನ ಬುಟ್ಟಿಯಲ್ಲಿಟ್ಟೆಯಲ್ಲ? “ಮಣ್ಣು ಉದುರಿಸಬ್ಯಾಡ, ಹಂಗ ನೆಡು. ಬುಡ ಮಾತ್ರ ಎಂದೂ ಕೆದಕಬ್ಯಾಡ” ಎಂದಿದ್ದೆ. ಬೆಳಿಗ್ಗೆ ಅರಳಿ ಸಂಜೆಗೆ ಬಾಡುವ ಇದೆಂಥ ಹೂವೇ ಎಂದು ನಾನು ಮೂಗು ಮುರಿದರೆ, “ಒಂದು ದಿನ ಇದ್ರೂ ಕಣ್ತುಂಬ ನೋಡಬಹುದಲ್ಲ” ಎಂದೆ.

ಚೆನ್ನಾಗಿಯೇ ಸಾಕಿದೆ. ನಮ್ಮ ಎರೆಮಣ್ಣು ನೀರು ಹಿಡಿದು ಬೇರು ಕೊಳೆಸೀತೆಂದು ಹಳ್ಳದ ಮರಳು ಬೆರೆಸಿದೆ. ಬಚ್ಚಲ ನೀರು ತಿರುಗಿಸಿದೆ, ಎಲೆಗೆ ಹೇನು ಹತ್ತಿದಾಗ ಬೂದಿ ಚೆಲ್ಲಿದೆ. ಅರಳಿದ್ದು ನನ್ನ ಲಿಂಗಪೂಜೆಗೆ, ಬಾಡಿದ್ದನ್ನು ಸಂಜೆ ಚಿವುಟುತ್ತಿದ್ದೆ. ಈ ವರ್ಷ ಗಿಡ ಒತ್ತೊತ್ತಾಗಿ ಹೂವೇ ಇಲ್ಲ. ಬುಡ ಬಿಡಿಸಿ ಬೇರೆ ಬೇರೆ ನೆಡದಿದ್ದರೆ ಅದು ಇನ್ನು ಹೂ ಬಿಡುವುದಿಲ್ಲ. ನಿನ್ನ ಮಾತು ಮೀರಿ ಇವತ್ತು ಅಗೆದೆ.

ಬೇರುಗಳ ನಡುವೆ ಒಂದು ಗಂಟು. ನಿನ್ನ ಮದುವೆ ಸೀರೆಯ ರೇಷ್ಮೆ ಅಂಚು, ಅರ್ಧ ಕೊಳೆತಿತ್ತು. ಬಿಚ್ಚಿದರೆ ಚಿಕ್ಕದೊಂದು ಲಿಂಗ. ಕೂಸಿಗೆ ಕಟ್ಟುವ ಲಿಂಗ!

ಕೆಸರಲ್ಲೇ ಕೂತುಬಿಟ್ಟೆ. ಅಂದು ಹೆರಿಗೆಯ ಜ್ವರ ಇಳಿದು ನಾನು ಕಣ್ಣು ಬಿಟ್ಟಾಗ ಸೂಲಗಿತ್ತಿ ಉರುಕುಂದಮ್ಮ, “ಕೂಸು ಉಸುರೇ ಆಡಲಿಲ್ಲ ತಾಯಿ” ಎಂದಿದ್ದಳು. ನೀನು ಪಕ್ಕದಲ್ಲಿ ತಲೆಯಾಡಿಸಿದೆ. ಉಸಿರಾಡದ ಕೂಸಿಗೆ ನಮ್ಮ ಮನೆಯಲ್ಲಿ ಯಾವ ಅಯ್ಯನವರು ಲಿಂಗ ಕಟ್ಟಿದ್ದಾರೆ ಅವ್ವಾ?

ಅಂದರೆ ನನ್ನ ಕೂಸು ಬದುಕಿತ್ತು! ಎಷ್ಟು ಹೊತ್ತು? ಅತ್ತಿತೇ? ಹಸಿದಿತ್ತೇ? ಎದೆಗೆ ಮಲ್ಲಿಗೆ ಕಟ್ಟಿ ನನ್ನ ಹಾಲು ಬತ್ತಿಸಿದೆಯಲ್ಲ, ಆ ಹಾಲು ಕುಡಿಯುವ ಬಾಯಿ ಆಗ ಮನೆಯಲ್ಲೇ ಇತ್ತೇ? ನಾನು ಸಂಕಟಪಟ್ಟೇನೆಂದು ಮುಚ್ಚಿಟ್ಟೆ, ಗೊತ್ತು. ಕೂಸಿನ ಕೈಯಲ್ಲಿದ್ದು ಅದರೊಂದಿಗೇ ಮಣ್ಣಿಗೆ ಹೋಗಬೇಕಾದ ಲಿಂಗವನ್ನು ತೆಗೆದಿಟ್ಟು, ಬಾಯಲ್ಲಿ ಹೇಳಲಾರದೆ ಬೇರಿಗೆ ಕಟ್ಟಿ ಕಳಿಸಿದೆ. ಹೂವಿನ ಜೊತೆ ಕೊಟ್ಟ ಒಂದು ದಿನವನ್ನು ನನಗೆ ನನ್ನ ಕೂಸಿನ ಜೊತೆ ಯಾಕೆ ಕೊಡಲಿಲ್ಲ?

ಇವರು ಅರಳೆ ಮಂಡಿಯಿಂದ ಬಂದು, “ಮಾರಿ ಯಾಕ ಹಿಂಗ ಬಿಳುಪಾಗೇತಿ?” ಎಂದರು. “ಗಿಡದ ಬುಡದಾಗ ಹಾವು ಕಂಡೆರಿ” ಎಂದೆ. ಸುಳ್ಳು ಹೇಳಲು ನಾಲಿಗೆ ತಡವರಿಸಲೇ ಇಲ್ಲ. ನಿನ್ನ ಮಗಳೇ ತಾನೆ ನಾನೂ.

ಗಿಡವನ್ನು ಬಿಡಿಸಿ, ಎಲೆ ಕತ್ತರಿಸಿ, ಗೋಡೆಯುದ್ದಕ್ಕೂ ನೆಟ್ಟಿದ್ದೇನೆ. ಚಿಕ್ಕ ಲಿಂಗ ನನ್ನ ಕರಡಿಗೆಯಲ್ಲಿ, ನನ್ನ ಲಿಂಗದ ಜೊತೆಗೇ ಇದೆ.

ನಿನ್ನ ಮಗಳು,
ಮಹಾಂತಮ್ಮ

ತಾ.ಕ.: ಕಾಗದ ತರಿಸಿದ್ದು ಬೇರೆ ಸುದ್ದಿ ಬರೆಯಲು. ನನಗೀಗ ಐದು ತಿಂಗಳು. ಹೆರಿಗೆಗೆ ನಿನ್ನ ಹತ್ತಿರವೇ ಬರಬೇಕೆಂದಿದ್ದೇನೆ. ಒಂದೇ ಗಳಿಗೆ ಇರುವ ಕೂಸಾದರೂ ಸರಿ, ಮೊದಲು ನನ್ನ ಮಡಿಲಿಗೆ ಹಾಕುತ್ತೇನೆಂದು ನಿನ್ನ ಲಿಂಗ ಮುಟ್ಟಿ ಬರೆ. ಬರೆದರೆ ಮಾತ್ರ ಬರುತ್ತೇನೆ.