ನಿಮ್ಮ ಸ್ಟೋರ್ ರೂಮಿನ ಮೂಲೆಯಲ್ಲಿರುವ ನನ್ನ ಅಕ್ಕ

ವಿಮಾನ ಹಾರಾಟ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಅಕ್ಕನನ್ನು ನನಗೆ ವಾಪಸ್ ಕೊಡಿ. ಆಕೆ ನಿಮ್ಮ ಕಚೇರಿಯ ನೆಲಮಹಡಿಯ ಸ್ಟೋರ್ ರೂಮಿನಲ್ಲಿ, ಮುರಿದ ಕುರ್ಚಿಗಳ ಹಿಂದಿನ ಮೂಲೆಯಲ್ಲಿ, ಒಂದು ವ್ಯಾಕ್ಯೂಮ್ ಕ್ಲೀನರಿನ ಚೀಲದೊಳಗೆ ಇದ್ದಾಳೆ. ಚೀಲದ ಬಾಯಿಗೆ ನಿಮ್ಮ ಸೀಲು ಬಿದ್ದಿದೆ, ಮೇಲೆ ‘ಧೂಳು, ಒಂದು ಚೀಲ’ ಎಂಬ ಚೀಟಿ ಅಂಟಿದೆ. ಈ ತಿಂಗಳ ಕೊನೆಯೊಳಗೆ ಸೂಕ್ತ ದಾಖಲೆ ತಂದು ಬಿಡಿಸಿಕೊಳ್ಳದಿದ್ದರೆ ‘ಸದರಿ ವಸ್ತುವನ್ನು ಸುಟ್ಟು ನಾಶಪಡಿಸಲಾಗುವುದು’ ಎಂದು ನೀವು ಕಳಿಸಿದ ನೋಟಿಸು ಹೇಳುತ್ತದೆ. ಸ್ವಾಮಿ, ಆಕೆಯನ್ನು ನಾವು ಈಗಾಗಲೇ ಒಮ್ಮೆ ಸುಟ್ಟಿದ್ದೇವೆ. ಆ ಕೆಲಸದಲ್ಲಿ ಏನಾದರೂ ಲೋಪ ಕಂಡುಬಂದಿದೆಯೇ?

ಅದೇ ನೋಟಿಸಿನಲ್ಲಿ ನಾನು ‘ನಿಯಮಗಳನ್ನು ಗಾಳಿಗೆ ತೂರಿದ್ದೇನೆ’ ಎಂದೂ ಬರೆದಿದ್ದೀರಿ. ಒಂದು ಚೀಲ ಬೂದಿಯನ್ನೇ ಸರಿಯಾಗಿ ಗಾಳಿಗೆ ತೂರಲು ಬಾರದ ಹೆಂಗಸು ನಾನು. ನಿಮ್ಮ ನಿಯಮಗಳಂಥ ಭಾರದ ವಸ್ತುವನ್ನು ತೂರುವ ಶಕ್ತಿ ನನಗೆಲ್ಲಿಂದ ಬರಬೇಕು? ನಡೆದದ್ದು ಏನೆಂದು ನಿಮ್ಮ ಕೈಕೆಳಗಿನವರು ಅವರಿಗೆ ಬೇಕಾದ ಹಾಗೆ ಬರೆದುಕೊಂಡಿದ್ದಾರೆ. ಆಗಿದ್ದು ಆಗಿದ್ದ ಹಾಗೆ ನಾನಿಲ್ಲಿ ಬರೆಯುತ್ತೇನೆ.

ವಿಮಾನ ತರಬೇತಿ ಮೈದಾನದ ಹಿಂದಿನ ರಸ್ತೆಯಲ್ಲಿ ನಮ್ಮದೊಂದು ಲಾಂಡ್ರಿ ಇದೆ. ಒಗೆಯುವುದು ಅಕ್ಕ, ಇಸ್ತ್ರಿ ನಾನು. ಭಾವನ ಕೆಲಸ ಗಲ್ಲಾದ ಹಿಂದೆ ಕೂತು ಬಂದವರ ಜೊತೆ ಹರಟೆ ಹೊಡೆಯುವುದು. ಅಕ್ಕನಿಗೆ ಧೂಳು ಕಂಡರೆ ಮೈಯೆಲ್ಲ ಉರಿ. ನೆಂಟರ ಮನೆಗೆ ಹೋದರೆ ಕೂರುವ ಮೊದಲು ಸೋಫಾದ ಕೆಳಗೆ ಬಗ್ಗಿ ನೋಡುವವಳು. ಆಕೆ ಬರುತ್ತಾಳೆಂದು ತಿಳಿದರೆ ನಮ್ಮ ಬಳಗದಲ್ಲಿ ಪೊರಕೆಗಳಿಗೆ ಬಿಡುವೇ ಇರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿ ಮಾತಾಡಲು ಉಸಿರು ಸಾಲದಿದ್ದಾಗಲೂ ಚಾವಣಿಯ ಕಡೆ ಬೆರಳು ತೋರಿಸಿ, “ಆ ಮೂಲೆ ನೋಡೇ. ಇದನ್ನ ಆಸ್ಪತ್ರೆ ಅಂತಾರೆ” ಎಂದಿದ್ದಳು. ಅದೇ ಮಂಚದ ಮೇಲೆ, ಆಮೇಲೊಂದು ದಿನ, ನನ್ನ ಕೈ ಹಿಡಿದು ಹೇಳಿದಳು:

“ನನ್ನನ್ನ ಡಬ್ಬಿಗೆ ತುಂಬಿ ಯಾವುದಾದ್ರೂ ಮೂಲೇಲಿ ಇಟ್ಟುಬಿಟ್ಟೀರಾ, ಹುಷಾರ್! ಮೂಲೇಲಿ ಕೂತ ಧೂಳು ಅಂದ್ರೆ ನಂಗಾಗಲ್ಲ. ಮೇಷ್ಟ್ರ ವಿಮಾನದಲ್ಲಿ ಹೋಗಿ ಮೇಲಿಂದ ಹಾರಿಸಿಬಿಡಿ. ಚೆನ್ನಾಗಿ ಹರಡಬೇಕು ನೋಡು. ಯಾರ ಮನೆ ಕಿಟಕಿ ಮೇಲೂ ಒಂದು ಚಿಟಿಕೆಗಿಂತ ಹೆಚ್ಚು ಬೀಳಬಾರದು. ಒರೆಸೋರಿಗೆ ಕಷ್ಟ.”

“ಸುಮ್ನಿರಕ್ಕ, ಏನೇನೋ ಮಾತಾಡಬೇಡ.”

“ಸುಮ್ನಿರೋದು ಇನ್ನೇನು ಇದ್ದೇ ಇದೆ. ಈಗ ಮಾತು ಕೊಡು.”

ಕೊಟ್ಟೆ. ಈ ಪತ್ರಕ್ಕೆ ಕಾರಣ ಆ ಮಾತು.

ಮೇಷ್ಟ್ರು ಎಂದರೆ ಮೈದಾನದಲ್ಲಿ ಹುಡುಗರಿಗೆ ವಿಮಾನ ಓಡಿಸಲು ಕಲಿಸುವವರು. ಅವರ ಬಿಳಿ ಅಂಗಿಗಳ ಕಾಲರನ್ನು ಅಕ್ಕ ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಕೇಳಿದ ಕೂಡಲೇ ಅವರು ಒಪ್ಪಿದರು. ನಾವು ಕದ್ದುಮುಚ್ಚಿ ಹಾರಿದವರಲ್ಲ. ನಿಮ್ಮ ಕಚೇರಿಯ ಮೆಟ್ಟಿಲು ಸವೆಸಿ, ‘ಚಿತಾಭಸ್ಮವನ್ನು ವಿಮಾನದಿಂದ ಹೊರಕ್ಕೆ ವಿಸರ್ಜಿಸಲು’ ಅನುಮತಿ ಪಡೆದೇ ಹೊರಟೆವು. ಆ ‘ಹೊರಕ್ಕೆ’ ಎಂಬ ಪದ ಮುಂದೆ ನಮ್ಮ ಕುತ್ತಿಗೆಗೆ ಬರುತ್ತದೆಂದು ಆಗ ಹೊಳೆಯಲಿಲ್ಲ.

ಮೇಲೆ ಹೋದ ಮೇಲೆ, ಬೂದಿಯ ಬಟ್ಟೆಚೀಲ ಹಿಡಿದು ಕೂತಿದ್ದ ನನಗೆ ಮೇಷ್ಟ್ರು ಸ್ಪಷ್ಟವಾಗಿಯೇ ಹೇಳಿದರು: “ಚೀಲದ ಬಾಯಿ ಪೂರ್ತಿ ಕಿಟಕಿ ಹೊರಗೆ ಇರಲಿ, ಕೆಳಮುಖ. ಮೆಲ್ಲಗೆ ಬಿಡಿ. ಅಲ್ಲಾಡಿಸಬೇಡಿ.” ಹಾಗೆಯೇ ಬಿಟ್ಟೆ. ಅಕ್ಕ ಬೂದುಬಣ್ಣದ ಒಂದು ಎಳೆಯಾಗಿ ಹಿಂದಕ್ಕೆ ಹರಿದುಹೋದಳು. ಚೀಲ ಅರ್ಧ ಹಗುರಾಯಿತು. ಹಗುರಾದ ಬಟ್ಟೆ ಕೈಯಲ್ಲಿ ಪಟಪಟ ಬಡಿದುಕೊಂಡಿತಲ್ಲ, ಅಲ್ಲಿಗೆ ನನ್ನ ಬುದ್ಧಿ ಹೋಯಿತು, ಕೈ ಉಳಿಯಿತು. ಲಾಂಡ್ರಿಯ ಕೈ. ಒದ್ದೆ ಬಟ್ಟೆಯನ್ನು ಹರವುವ ಮೊದಲು ಜೋರಾಗಿ ಎರಡು ಸಲ ಕೊಡವುವುದು ಅದಕ್ಕೆ ಅಭ್ಯಾಸ. ಕೊಡವಿಬಿಟ್ಟೆ. ಉಳಿದರ್ಧ ಅಕ್ಕ ಕಿಟಕಿಯಿಂದ ಒಳಗೆ ಬಂದಳು. ಬದುಕಿದ್ದಾಗ ಒಬ್ಬ ಗಿರಾಕಿಯ ಕಣ್ಣಿಗೂ ಮಣ್ಣೆರಚದವಳು ಅವತ್ತು ಮೂವರ ಕಣ್ಣಿಗೂ ಒಟ್ಟಿಗೇ ಎರಚಿದಳು. ಹಿಂದಿನ ಸೀಟಿನಿಂದ ಭಾವ ಕೆಮ್ಮುತ್ತಾ, “ಬಂದ್ಲು ನೋಡು ವಾಪಸ್! ಅವಳು ಯಾವತ್ತು ಕಳಿಸಿದ ಕಡೆ ಹೋಗಿದ್ಲು?” ಎಂದು ನಕ್ಕರು. ನಗುತ್ತಾ ಅತ್ತರು. ಕಣ್ಣೀರು ಇಳಿದ ಕಡೆಯಲ್ಲೆಲ್ಲ ಅವರ ಮುಖದ ಮೇಲೆ ಗೆರೆ ಮೂಡಿತ್ತು.

ಅಲ್ಲಿಯವರೆಗೆ ಏನೂ ಕೆಟ್ಟಿರಲಿಲ್ಲ ಮಾನ್ಯರೇ. ಕೋಟು ಉಜ್ಜುವ ಮೆತ್ತನೆಯ ಬ್ರಷ್ಷು ನನ್ನ ಕೈಚೀಲದಲ್ಲಿ ಯಾವಾಗಲೂ ಇರುತ್ತದೆ. ಇಳಿದ ಮೇಲೆ ನಿಧಾನಕ್ಕೆ ಗುಡಿಸಿ, ಎಲ್ಲವನ್ನೂ ಎತ್ತಿಕೊಂಡು, ಮತ್ತೊಂದು ದಿನ ಹೋಗಬಹುದು ಎಂದು ಮೇಷ್ಟ್ರೇ ಅಂದರು. ಆದರೆ ಕೆಳಗೆ ನಿಮ್ಮ ತಪಾಸಣಾಧಿಕಾರಿಗಳು ನಿಂತಿದ್ದರು. ಬಾಗಿಲು ತೆಗೆದವರೇ ಎರಡು ಹೆಜ್ಜೆ ಹಿಂದೆ ಸರಿದರು.

“ಯಾರೂ ಮುಟ್ಟಬೇಡಿ! ಏನ್ರೀ ಇದು ಪುಡಿ?”

“ನಮ್ಮಕ್ಕ ಸಾರ್” ಅಂದೆ ನಾನು.

“ನನ್ನ ಹೆಂಡ್ತಿ ಸಾರ್” ಅಂದರು ಭಾವ.

“ಇಬ್ಬರೂ ಏನಾದ್ರೂ ಒಂದು ಹೇಳಿ!”

ನಿಮ್ಮ ಕಡತ ತೆಗೆದು ನೋಡಿ. ‘ಪುಡಿಯ ಕುರಿತು ಪ್ರಯಾಣಿಕರಿಬ್ಬರ ಹೇಳಿಕೆಗಳು ಪರಸ್ಪರ ತಾಳೆಯಾಗುವುದಿಲ್ಲ’ ಎಂದು ಅದರಲ್ಲಿದೆ. ಒಬ್ಬ ಹೆಂಗಸು ಒಂದೇ ಕಾಲಕ್ಕೆ ಒಬ್ಬಳ ಅಕ್ಕನೂ ಇನ್ನೊಬ್ಬರ ಹೆಂಡತಿಯೂ ಆಗಿರಬಹುದೆಂದು ನಿಮ್ಮ ಇಲಾಖೆಗೆ ಯಾರಾದರೂ ತಿಳಿಸಬಾರದೇ? ಆಮೇಲೆ ವ್ಯಾಕ್ಯೂಮ್ ಕ್ಲೀನರ್ ತರಿಸಿದರು. ನಾವು ಬೇಡವೆಂದು ಕೂಗಿಕೊಳ್ಳುತ್ತಿದ್ದಂತೆಯೇ ಅದರ ಸೊಂಡಿಲನ್ನು ಸೀಟಿನ ಸಂದಿಗಳಿಗೆಲ್ಲ ತೂರಿಸಿ ಎಳೆದುಕೊಂಡರು. ಭಾವ ವಿಮಾನದ ರೆಕ್ಕೆ ಹಿಡಿದು ನಿಂತಿದ್ದರು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ನಿಮ್ಮ ಕಚೇರಿಗೆ ಎಷ್ಟು ಸಲ ಬಂದೆನೋ ಲೆಕ್ಕ ತಪ್ಪಿದೆ. ಮೊದಮೊದಲು, ಅನುಮತಿ ಕೊಟ್ಟದ್ದು ಹೊರಕ್ಕೆ ಬಿಡಲು, ಒಳಕ್ಕೆ ಬಿದ್ದದ್ದಕ್ಕೆ ಅನುಮತಿ ಇಲ್ಲ, ಆದ್ದರಿಂದ ಅದು ಚಿತಾಭಸ್ಮವಲ್ಲ ಎಂದರು. ಏರುವಾಗ ಚಿತಾಭಸ್ಮ, ಇಳಿಯುವಾಗ ಧೂಳು! ಸರ್ಕಾರಿ ನೌಕರಿಯಲ್ಲಿ ಕೂಡ ಇಷ್ಟು ಬೇಗ ಹಿಂಬಡ್ತಿ ಆಗುವುದಿಲ್ಲ. ಆಮೇಲೆ ಪ್ರಯೋಗಾಲಯದ ವರದಿ ಬಂತು. ಚೀಲದಲ್ಲಿರುವುದು ಮೂಳೆಯ ಬೂದಿಯೇ, ಆದರೆ ಜೊತೆಗೆ ಕಾರ್ಪೆಟ್ಟಿನ ನಾರು, ಬಿಸ್ಕತ್ತಿನ ಚೂರು, ಪೆನ್ಸಿಲ್ ಹೆರೆದ ಪುಡಿ ಸೇರಿಕೊಂಡಿವೆ ಎಂದಿತು. ನಿಮ್ಮ ಗುಮಾಸ್ತರು ತಲೆ ಕೆರೆದುಕೊಂಡರು.

“ನೋಡಿ ಮೇಡಂ, ಇದರಲ್ಲಿ ನಿಮ್ಮಕ್ಕ ಎಷ್ಟು, ಧೂಳೆಷ್ಟು ಅಂತ ಬೇರೆ ಮಾಡೋಕೆ ನಮ್ಮಲ್ಲಿ ವ್ಯವಸ್ಥೆ ಇಲ್ಲ. ನಿಮ್ಮಕ್ಕ ನಿಮ್ಮೋರೇ, ಇಲ್ಲ ಅನ್ನಲ್ಲ. ಆದ್ರೆ ತಪಾಸಣೇಲಿ ಸಿಕ್ಕಿದ ಧೂಳು ಇಲಾಖೇದು. ಅದನ್ನ ಹೊರಗಿನವರಿಗೆ ಕೊಡೋ ಹಾಗಿಲ್ಲ.”

“ಅಷ್ಟೇ ತಾನೆ? ಅಷ್ಟು ಧೂಳು ನಾನೇ ತಂದುಕೊಡ್ತೀನಿ ಬಿಡಿ. ಎರಡು ಚೀಲ ಬೇಕಾ?”

“ಅದಕ್ಕೆ ಟೆಂಡರ್ ಕರೀಬೇಕಾಗುತ್ತೆ” ಎಂದರು. ತಮಾಷೆಗೆ ಹೇಳಿದರೆಂದು ಮುಖ ನೋಡಿದೆ. ಅಲ್ಲ.

ಅವರು ಕೆಟ್ಟವರಲ್ಲ, ನಿಮ್ಮ ಮಾತು ಮೀರಲಾರದವರು. ನನ್ನ ಮನಸ್ಸಿಗೆ ಸಮಾಧಾನವಾಗಲಿ ಎಂದು ಸ್ಟೋರ್ ರೂಮಿನ ಬೀಗ ತೆಗೆದು ದೂರದಿಂದಲೇ ಆ ಚೀಲ ತೋರಿಸಿದರು. ಸರ್ಕಾರಿ ಕಚೇರಿಗಳಲ್ಲಿ ಕಡತ ಧೂಳು ತಿನ್ನುತ್ತದೆ ಎಂದು ಕೇಳಿದ್ದೆ. ಇಲ್ಲಿ ಧೂಳಿಗೇ ಒಂದು ಕಡತವಾಗಿದೆ. ಮೂಲೆಯಿಂದ ಚೀಲದವರೆಗೆ ಜೇಡ ಬಲೆ ಕಟ್ಟಿತ್ತು. ಮೂಲೆಯಲ್ಲಿ ಮಾತ್ರ ಇಡಬೇಡ ಎಂದು ಅಂಗಲಾಚಿದವಳು ಮೂಲೆಯಲ್ಲೇ ಇದ್ದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನಿಮ್ಮ ಮೇಲೆ ಬಂದಷ್ಟೇ ಸಿಟ್ಟು ನನ್ನ ಈ ಎರಡು ಕೈಗಳ ಮೇಲೂ ಬಂತು.

ಆಕಾಶದಿಂದ ಏನೂ ಬೀಳಬಾರದು ಎನ್ನುವ ಕಾಳಜಿ ನಿಮಗೆ ಮೊದಲಿನಿಂದಲೂ ಇತ್ತು ಎನ್ನೋಣವೆಂದರೆ ಅದೂ ಇಲ್ಲ. ಹಿಂದೊಮ್ಮೆ ಸೋಪಿನ ಕಂಪನಿಯೊಂದು ವಿಮಾನದಿಂದ ಜಾಹೀರಾತಿನ ಚೀಟಿಗಳನ್ನು ಸುರಿಸಿದ್ದು ನೆನಪಿದೆಯೇ? ನಿಮ್ಮ ಅನುಮತಿಯೊಂದಿಗೇ ಸುರಿದವು. ನಾವು ಒಗೆದು ಹರವಿದ್ದ ಹಾಸಿಗೆ ಹೊದಿಕೆಗಳ ಮೇಲೆ ಹಸಿರು ಶಾಯಿ ಇಳಿಸಿದವು. ಅಕ್ಕ ದಿನವಿಡೀ ಆ ಕಲೆ ತೆಗೆಯುತ್ತಾ ಕೂತಿದ್ದಳು. ಆ ಚೀಟಿಗಳಲ್ಲಿ ಒಂದನ್ನಾದರೂ ನಿಮ್ಮವರು ಹಿಡಿದು ಸೀಲು ಹಾಕಿದ್ದುಂಟೇ? ಸೋಪು ಮಾರುವವನು ಇಡೀ ಊರಿನ ತಲೆಯ ಮೇಲೆ ಕಸ ಸುರಿಯಬಹುದು, ಜೀವಮಾನವೆಲ್ಲ ಸೋಪಿನಲ್ಲಿ ಕೈ ನೆನೆಸಿದವಳಿಗೆ ಒಂದು ಚಿಟಿಕೆಯಾಗಿ ಬೀಳುವ ಹಕ್ಕಿಲ್ಲ ಎಂದರೆ ಯಾವ ನ್ಯಾಯ?

ನಮ್ಮ ಅಂಗಡಿಯಲ್ಲಿ ಅಕ್ಕ ಮಾಡಿಟ್ಟ ಒಂದು ಕ್ರಮವಿದೆ. ಒಗೆಯುವ ಬಟ್ಟೆಯ ಜೇಬಿನಲ್ಲಿ ಏನು ಸಿಕ್ಕರೂ, ಉಂಗುರವಾಗಲಿ, ಹರಿದ ಬಸ್ ಟಿಕೆಟ್ಟಾಗಲಿ, ಯಾರದೋ ಹಲ್ಲೇ ಆಗಲಿ, ಸಣ್ಣ ಪೊಟ್ಟಣ ಕಟ್ಟಿ ಆ ಬಟ್ಟೆಗೇ ಪಿನ್ನು ಚುಚ್ಚಿ ವಾಪಸ್ ಕೊಡುವುದು. ನಿಮ್ಮದೇ ಎಂಬುದಕ್ಕೆ ಸಾಕ್ಷಿ ತನ್ನಿ ಎಂದು ಯಾರನ್ನೂ ಕೇಳಿದವರಲ್ಲ. ನಿಮ್ಮ ಕಚೇರಿಯ ಪರದೆಗಳೂ ನಮ್ಮಲ್ಲಿಗೇ ಬರುತ್ತವೆ. ಅವುಗಳ ಮಡಿಕೆಯಲ್ಲಿ ಸಿಕ್ಕ ನಿಮ್ಮ ಇಲಾಖೆಯ ಗುಂಡುಪಿನ್ನುಗಳನ್ನು ಕೂಡ ಅಕ್ಕ ಪೊಟ್ಟಣ ಕಟ್ಟಿ ಕಳಿಸಿದ್ದಾಳೆ. ನಿಮಗೆ ಒಂದು ವಿಮಾನದ ಸಂದಿಯಲ್ಲಿ ನಮ್ಮ ಮನೆಯ ಮನುಷ್ಯಳು ಸಿಕ್ಕಳು. ಕೊಟ್ಟರೆ ನಿಮ್ಮ ಗಂಟೇನು ಹೋಗುತ್ತದೆ?

ಇನ್ನೊಂದು ಮಾತು, ಇದನ್ನು ಭಾವನಿಗೂ ಹೇಳಿಲ್ಲ. ಅವತ್ತು ನಾನು ಹಾಕಿಕೊಂಡಿದ್ದ ಕಪ್ಪು ಸ್ವೆಟರಿನ ತೋಳಿನಲ್ಲಿ ಅಕ್ಕ ಇನ್ನೂ ಸ್ವಲ್ಪ ಇದ್ದಾಳೆ. ನಿಮ್ಮ ಮೆಷಿನ್ನಿಗೆ ತಪ್ಪಿಸಿಕೊಂಡವಳು. ಊರಿನ ಬಟ್ಟೆಯನ್ನೆಲ್ಲ ಒಗೆಯುವ ಅಂಗಡಿಯಲ್ಲಿ ಒಗೆಯದೆ ನೇತಾಡುತ್ತಿರುವುದು ಅದೊಂದೇ. ಒಗೆದರೆ ಅವಳು ಚರಂಡಿಗೆ ಹೋಗುತ್ತಾಳೆ. ಒಗೆಯದಿದ್ದರೆ, ಕೊಳೆ ಬಟ್ಟೆ ತೂಗುಹಾಕಿದ್ದೀಯಲ್ಲೇ ಎಂದು ಬಯ್ಯುವ ಅವಳ ದನಿಯೇ ಕೇಳಿಸುತ್ತದೆ. ಒಮ್ಮೊಮ್ಮೆ ಆ ಬೈಗುಳ ಕೇಳಲೆಂದೇ ಅದರ ಮುಂದೆ ನಿಲ್ಲುತ್ತೇನೆ.

ಆದ್ದರಿಂದ ನನ್ನ ಬೇಡಿಕೆ. ಆ ಚೀಲವನ್ನು ಸುಡಬೇಡಿ. ಬಿಚ್ಚಬೇಡಿ, ಸೋಸಬೇಡಿ, ಇದ್ದ ಹಾಗೇ ಕೊಡಿ. ಬಿಸ್ಕತ್ತಿನ ಚೂರೂ ಇರಲಿ, ಪೆನ್ಸಿಲ್ ಪುಡಿಯೂ ಇರಲಿ, ಅವರ ಜೊತೆ ಅವಳು ಹೊಂದಿಕೊಂಡು ಹೋಗುತ್ತಾಳೆ. ರಸೀದಿಯಲ್ಲಿ ‘ಧೂಳು ತಲುಪಿದೆ’ ಎಂದು ಬರೆಯಬೇಕೇ, ಬರೆಯುತ್ತೇನೆ. ಮೇಷ್ಟ್ರು ಇನ್ನೊಮ್ಮೆ ಕರೆದೊಯ್ಯಲು ಸಿದ್ಧರಿದ್ದಾರೆ, ಈ ಸಲ ಚೀಲ ಹಿಡಿಯುವವರು ಭಾವ. ನಿಮ್ಮ ಸಹಿ ಬೀಳಲು ಇನ್ನೂ ನಾಲ್ಕು ಮೇಜು ದಾಟಬೇಕು ಎನ್ನುವುದಾದರೆ, ಅಲ್ಲಿಯವರೆಗೆ ಒಂದೇ ಒಂದು ಉಪಕಾರ ಮಾಡಿ. ಯಾರಿಗಾದರೂ ಹೇಳಿ ಆ ಜೇಡರ ಬಲೆ ತೆಗೆಸಿ, ಅವಳನ್ನು ಆ ಮೂಲೆಯಿಂದ ಎತ್ತಿ ಕಿಟಕಿಯ ಹತ್ತಿರ ಇಡಿಸಿ.

ಇಂತಿ,
ನಿಮ್ಮ ಕಡತದ ಪ್ರಕಾರ
ಒಂದು ಚೀಲ ಧೂಳಿನ ತಂಗಿ