ಹಳ್ಳದಿಂದ ಅಗಸಿಯವರೆಗೆ

ಮೊರಬ,
ಬನ್ನಿ ಹಬ್ಬದ ಹಿಂದಿನ ವಾರ, ೧೯೭೭

ಕುಬೇರಾ,

ಮೊದಲು ‘ಮಿಶ್ರಿಕೋಟಿಯ ಗೌಡರ ಸನ್ನಿಧಾನಕ್ಕೆ’ ಎಂದು ಶುರು ಮಾಡಿದ್ದೆ. ಓದಿದರೆ ಯಾರಿಗೋ ಹಾಕಿದ ಅರ್ಜಿಯಂತೆ ಕಂಡಿತು, ಹರಿದುಹಾಕಿದೆ. ನಿನಗೆ ಎರಡು ಹೆಸರಿದ್ದವು, ಅದು ನಿನಗೂ ಗೊತ್ತು. ದೇವಿಕೊಪ್ಪದ ಅಡವಿಯಲ್ಲಿ ಕುಬೇರ, ಊರಿನಲ್ಲಿ ಗೌಡ್ರು. ಈ ಕಾಗದವನ್ನು ಅಡವಿಯ ಹೆಸರಿಗೇ ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಬರಲಿ.

ನಮ್ಮೂರ ಹಸನಬಿ ನಿನ್ನೆ ಇಲ್ಲಿ ನಾನಿರುವ ನವಲಗುಂದಕ್ಕೆ ಬಂದಿದ್ದಳು. ಜಮಖಾನೆ ನೇಯುವ ತಂಗಿಯನ್ನು ನೋಡಲು ಬಂದವಳು ನಮ್ಮ ಮನೆಗೂ ಬಂದಳು. ನಾವು ಹೊಡೆದ ಮೊಲವೆಲ್ಲ ಅವಳ ಒಲೆಗೇ ಹೋಗುತ್ತಿತ್ತಲ್ಲ, ಹಾಗಾಗಿ ಶಿಕಾರಿ ನಿಂತದ್ದಕ್ಕೆ ಊರಿನಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಮರುಗಿದವಳು ಅವಳೊಬ್ಬಳೇ. ಚಹಾ ಕುಡಿಯುತ್ತ ಹೇಳಿದಳು: “ಗೌಡ್ರು ಜೀಪ್ ಕೊಡಾಕತ್ತಾರೋ ಗಂಗಪ್ಪಾ. ಅಣ್ಣಿಗೇರಿಯವ್ರು ಬಂದು ನೋಡಿ ಹೋಗ್ಯಾರ. ಖಂಡಿಪೂಜಿ, ಬನ್ನಿ ಎಲ್ಲಾ ಮುಗದ ಮ್ಯಾಲೆ ಒಯ್ತಾರಂತ. ಇಂಜಿನ್ ಬಿಚ್ಚಿ ಶೇಂಗಾ ಒಡಿಯೋ ಮಿಶನ್ನಿಗೆ ಹಚ್ತಾರಂತ, ಉಳದದ್ದು ಗುಜರಿಗೆ. ನಿನಗ ಒಮ್ಮೆ ಬಂದು ನೋಡ್ಕೊಂಡು ಹೋಗು ಅಂತ ಹೇಳಂದಾರ.”

ನೋಡಿಕೊಂಡು ಹೋಗು. ಹಾಸಿಗೆ ಹಿಡಿದ ಹಿರಿಯರ ಬಗ್ಗೆ ಹೇಳಿ ಕಳಿಸುವ ಮಾತು ಅದು. ಆಗಿನಿಂದ ನನಗೆ ಕುಳಿತಲ್ಲಿ ಕುಳಿತಿರಲು ಆಗುತ್ತಿಲ್ಲ. ಊಟಕ್ಕೆ ಕುಳಿತು ಎದ್ದೆ, ಎದ್ದವನು ಮತ್ತೆ ಕುಳಿತೆ. “ಇರವಿ ಕಡದಾವೇನ್ರಿ?” ಎಂದಳು ನನ್ನ ಹೆಂಡತಿ ಮಾದೇವಿ. ಈಗ ಮೊರಬದ ಹೊರಗೆ ಬೇವಿನ ನೆರಳಿನಲ್ಲಿ ಮಲೇರಿಯಾ ಖಾತೆಯ ಜೀಪು ನಿಲ್ಲಿಸಿಕೊಂಡು, ಸ್ಟೇರಿಂಗಿನ ಮೇಲೆ ಒಂದು ರಟ್ಟು ಇಟ್ಟು ಇದನ್ನು ಬರೆಯುತ್ತಿದ್ದೇನೆ. ನಮ್ಮ ಮಂದಿ ಮನೆಮನೆಗೆ ಔಷಧಿ ಹೊಡೆಯಲು ಹೋಗಿದ್ದಾರೆ. ಹಂದಿಯ ಬೆನ್ನು ಹತ್ತುತ್ತಿದ್ದವನ ಪಾಲಿಗೆ ಕೊನೆಗೆ ಸೊಳ್ಳೆ ಬಂತು ನೋಡು. ನಾಲ್ಕು ಸಾಲು ಬರೆಯುತ್ತೇನೆ, ಇಳಿದು ಟೈರು ಒದ್ದು ನೋಡುತ್ತೇನೆ, ಮತ್ತೆ ಹತ್ತುತ್ತೇನೆ. ಟೈರಿಗೆ ಏನೂ ಆಗಿಲ್ಲ.

ಈ ಗಾಡಿ ಹೊಸದು, ಸಾಧು. ಕೀಲಿ ತಿರುವಿದರೆ ಎದ್ದು ನಿಲ್ಲುತ್ತದೆ. ನಿಮ್ಮದು ಹಾಗಲ್ಲ. ನಿಮ್ಮಪ್ಪ ಬೆಳಗಾವಿಯ ಮಿಲಿಟರಿ ಹರಾಜಿನಿಂದ ತಂದ ಆ ಜೀಪಿಗೆ ಮುಂಜಾನೆ ಹ್ಯಾಂಡಲ್ ಹೊಡೆಯಬೇಕು, ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಟ್ಟುಕೊಂಡು ಹೊಡೆಯಬೇಕು, ಇಲ್ಲವೆಂದರೆ ತಿರುಗಿ ಬಂದು ಕೈ ಮುರಿಯುತ್ತದೆ. ಪೆಟ್ರೋಲಿನ ಟಾಕಿ ಡ್ರೈವರನ ಸೀಟಿನ ಕೆಳಗೆ. ಪೆಟ್ರೋಲ್ ಹಾಕಬೇಕೆಂದರೆ ನೀನು ಏಳಲೇಬೇಕು. ಮಿಶ್ರಿಕೋಟಿಯ ಗೌಡರನ್ನು ಎಬ್ಬಿಸಿ ನಿಲ್ಲಿಸುವ ತಾಕತ್ತು ಸುತ್ತಲಿನ ಹಳ್ಳಿಗಳಲ್ಲಿ ಅದೊಂದಕ್ಕೇ ಇತ್ತು ಎಂದು ನಾನು ಅನ್ನುತ್ತಿದ್ದೆ, ನೀನು ನಗುತ್ತಿದ್ದೆ. ಸ್ಟೇರಿಂಗ್ ಎಡಗಡೆಗೆ. ಬಲಗಡೆ ನಾನು. ಗಾಜಿನ ಚೌಕಟ್ಟನ್ನು ಬಾನೆಟ್ಟಿನ ಮೇಲೆ ಮಡಚಿ ಮಲಗಿಸಿ ನಾವು ಹೊರಟರೆ, ಎದುರಿಗೆ ಬಂದವರಿಗೆ ನಾನು ಕೈಕಟ್ಟಿಕೊಂಡು ಗಾಡಿ ಓಡಿಸುವವನಂತೆ ಕಾಣುತ್ತಿದ್ದೆ. ಕಲಘಟಗಿಯ ಹಾದಿಯಲ್ಲಿ ಎಷ್ಟೋ ಜನ ನನಗೇ ನಮಸ್ಕಾರ ಹೇಳಿ ಹೋದರು. ನಾನೂ ಹೇಳಿದೆ. ಬಿಟ್ಟಿ ಬಂದ ನಮಸ್ಕಾರ ಯಾಕೆ ಬಿಡಬೇಕು?

ಗಾಡಿ ಕಲಿಸಿದವನು ನೀನೇ. ದೇವಿಕೊಪ್ಪದ ಹುಲ್ಲುಗಾವಲಿನಲ್ಲಿ ನನ್ನನ್ನು ಎಡಕ್ಕೆ ಕೂರಿಸಿ, ನೀನು ಬಲಕ್ಕೆ ಕುಳಿತು, “ಕ್ಲಚ್ ಸಾವಕಾಶ ಬಿಡಲೇ, ಎತ್ತಿನ ಬಾಲ ಅಲ್ಲದು” ಎಂದು ಬೈದೆ. ಇವತ್ತು ನನ್ನ ಮಕ್ಕಳು ಉಣ್ಣುವ ಅನ್ನ ಆ ಹುಲ್ಲುಗಾವಲಿನದು. ಅದನ್ನು ನಾನು ಯಾವ ಊರಿನಲ್ಲಿ ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಹೇಳಿದಾಗಲೆಲ್ಲ ಒಳಗೆ ಏನೋ ಒಂದು ಚುಚ್ಚುತ್ತದೆ, ಅದನ್ನು ಮಾತ್ರ ಇಷ್ಟು ದಿನ ಯಾರಿಗೂ ಹೇಳಿಲ್ಲ.

ನೀನೊಬ್ಬ ವಿಚಿತ್ರ ಬೇಟೆಗಾರ. ಗುರಿ ತಪ್ಪಿದವನಲ್ಲ, ಆದರೆ ಹೊಡೆದದ್ದನ್ನು ಎಂದೂ ಬಾಯಿಗೆ ಇಟ್ಟವನಲ್ಲ. “ತಿನ್ನಲಾರದಾಂವ ಯಾಕ ಹೊಡಿತಿಯೋ?” ಎಂದು ಕೇಳಿದರೆ, “ಹಂದಿ ನನ್ನ ಶೇಂಗಾ ತಿಂತೈತಿ, ಅದಕ್ಕ” ಎನ್ನುತ್ತಿದ್ದೆ. ನಿಮ್ಮವ್ವ ಮಲ್ಲಕ್ಕ ನಸುಕಿನಲ್ಲಿ ಎದ್ದು ಬುತ್ತಿ ಕಟ್ಟುತ್ತಿದ್ದಳು. ಬಿಳಿ ಅರಿವೆಯಲ್ಲಿ ನಿನ್ನದು, ಕೆಂಪು ಅರಿವೆಯಲ್ಲಿ ನನ್ನದು. ರೊಟ್ಟಿ ಅವೇ, ಬದನೆಕಾಯಿ ಪಲ್ಯ ಅದೇ, ಅರಿವೆ ಮಾತ್ರ ಬೇರೆ. ಅಡವಿಯಲ್ಲಿ ಇಂಜಿನಿನ ಕಾವು ಆರದ ಬಾನೆಟ್ಟಿನ ಮೇಲೆ ನೀನು ಎರಡೂ ಗಂಟು ಬಿಚ್ಚಿ ಕಲೆಹಾಕುತ್ತಿದ್ದೆ. ರೊಟ್ಟಿ ಬೆಚ್ಚಗಾಗುತ್ತಿದ್ದವು, ಯಾರದು ಯಾವುದು ಎಂಬ ಲೆಕ್ಕವೇ ಇರುತ್ತಿರಲಿಲ್ಲ. ಆಮೇಲೆ ಹೊರಡುವಾಗ ಬಿಳಿ ಅರಿವೆಯನ್ನು ಒಂದು ಕಡೆ, ಕೆಂಪು ಅರಿವೆಯನ್ನು ಒಂದು ಕಡೆ ನೀನೇ ಮಡಚಿ ಇಡುತ್ತಿದ್ದೆ.

ಬರುವಾಗ ಊರ ಹೊರಗಿನ ಹಳ್ಳ. ಮತ್ತಿ ಮರದ ಕೆಳಗೆ ಜೀಪು ನಿಲ್ಲುತ್ತಿತ್ತು. “ರೇಡಿಯೇಟರಿಗೆ ನೀರು ಹಾಕು” ಎನ್ನುತ್ತಿದ್ದೆ. ನಾನು ಇಳಿದು ಡಬ್ಬಿಯಲ್ಲಿ ನೀರು ತಂದು ಹಾಕಿ, ಮುಚ್ಚಳ ಬಿಗಿದು, ತಿರುಗಿ ಮುಂದೆ ಹತ್ತದೆ ಹಿಂದೆ ಹತ್ತುತ್ತಿದ್ದೆ. ಹಂದಿಯ ಬಾಜು. ಮೊದಲನೆಯ ಸಲ ಅದಕ್ಕೆ ಕಾರಣವಿತ್ತು, ಹೊಡೆದ ಹಂದಿ ಜಾರಿ ಬೀಳುವಂತಿತ್ತು, ಹಿಡಿದುಕೊಳ್ಳಲು ಹತ್ತಿದೆ. ಎರಡನೆಯ ಸಲ ಹಗ್ಗದಿಂದ ಕಟ್ಟಿದ್ದೆವು, ಆದರೂ ಹತ್ತಿದೆ. ನೀನು ಹತ್ತು ಎಂದು ಹೇಳಲಿಲ್ಲ, ಹತ್ತಬೇಡ ಎಂದೂ ಹೇಳಲಿಲ್ಲ. ಆಮೇಲೆ ಅದೇ ರೂಢಿ ಆಯಿತು. ಹಳ್ಳ ದಾಟಿದ ಮೇಲೆ ನಾನು ನಿನ್ನನ್ನು ‘ಗೌಡ್ರ’ ಎನ್ನುತ್ತಿದ್ದೆ, ನೀನು ನನ್ನನ್ನು ‘ಗಂಗ್ಯಾ’ ಎನ್ನುತ್ತಿದ್ದೆ. ಜೀಪು ಊರಬಾಗಿಲು, ಆ ಅಗಸಿ ದಾಟುವಾಗ ಕಟ್ಟೆಯ ಮೇಲಿನ ಹಿರಿಯರು ನೋಡುತ್ತಿದ್ದರು, ನಿನ್ನ ಬೆನ್ನು ನೆಟ್ಟಗಾಗುತ್ತಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರಲ್ಲ, ನಮ್ಮದು ಹಳ್ಳ, ಅಷ್ಟೇ.

ಈಗ ಮತ್ತೆ ಇಳಿದು ಬಂದೆ. ಎದುರಿಗಿರುವುದು ಯಾವ ಹೊಲ ಗೊತ್ತೇನು? ಚಿಗರಿಯ ಬೆನ್ನು ಹತ್ತಿ ಬಂದು ನಾವು ಜೀಪು ಹುಗಿಸಿಕೊಂಡ ಹೊಲ. ಅಡ್ಡಮಳೆ ಬಿದ್ದ ಎರಿ ಮಣ್ಣಿಗೆ ಯಾವ ಫೋರ್‌ವ್ಹೀಲೂ ನಡೆಯಲಿಲ್ಲ. ನೀನು ಒಂದು ಕಡೆ, ನಾನು ಒಂದು ಕಡೆ ನೂಕಿ ನೂಕಿ, ಅಂಗಿ ಯಾವುದು ಮೈ ಯಾವುದು ತಿಳಿಯದಂತೆ ಕಪ್ಪಗಾದೆವು. ದಣಿದು ಬಂದು ಸೀಟಿನಲ್ಲಿ ಕುಳಿತಾಗ ತಾಯವ್ವ ಎಂಬ ಮುದುಕಿ ಕೊಡ ಹೊತ್ತು ಬಂದಳು. ಎಡಗಡೆ ಸ್ಟೇರಿಂಗ್ ಹಿಡಿದು ಕುಳಿತ ನಿನ್ನನ್ನು ನೋಡಿದಳು, ಬಲಗಡೆ ಕಾಲು ಚಾಚಿ ಕುಳಿತ ನನ್ನನ್ನು ನೋಡಿದಳು. ಮೊದಲು ನನಗೆ ನೀರು ಕುಡಿಸಿ ಕೇಳಿದಳು: “ಗೌಡ್ರ, ನಿಮ್ಮ ಡ್ರೈವರಗೂ ಕುಡಸ್ಲ್ಯಾ?” ನಾನು, “ಕುಡಸಬೇ, ಪಾಪ, ಭಾಳ ದುಡದಾನ” ಎಂದೆ. ನೀನು ಬೊಗಸೆ ಒಡ್ಡಿ ಕುಡಿದು ಬಾಯಿ ಒರೆಸಿಕೊಂಡು, “ನಮ್ಮ ಗೌಡ್ರು ಅಗದಿ ಛಲೋ ಮಂದ್ಯಾರಬೇ” ಎಂದೆ. ಆ ದಿನ ದಾರಿಯುದ್ದಕ್ಕೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನನ್ನ ಆಯುಷ್ಯದಲ್ಲಿ ಅಷ್ಟು ನಕ್ಕದ್ದು ಇನ್ನೊಮ್ಮೆ ನೆನಪಿಲ್ಲ. ಹಳ್ಳ ಬಂತು, ನೀರು ಹಾಕಿದೆ, ಹಿಂದೆ ಹತ್ತಿದೆ.

ತಾಯವ್ವ ಇನ್ನೂ ಇದ್ದಾಳೆ. ಇವತ್ತು ಬೆಳಿಗ್ಗೆ ಅವಳ ಮನೆಗೂ ಔಷಧಿ ಹೊಡೆದರು. ಖಾಕಿ ಅಂಗಿಯಲ್ಲಿ ನನ್ನ ಗುರುತು ಹತ್ತಲಿಲ್ಲ, ‘ನಿಮ್ಮ ಸಾಹೇಬ್ರು ಎಲ್ಲಿ?’ ಎಂದು ಕೇಳಿದಳು.

ಕಾಯಿದೆ ಬಂದು ಶಿಕಾರಿ ನಿಂತಿತು. ನಿಂತದ್ದು ಒಳ್ಳೆಯದೇ, ಆ ಮೂಕ ಪ್ರಾಣಿಗಳ ಮಟ್ಟಿಗೆ. ನೀನು ಬಂದೂಕನ್ನು ಅಟ್ಟಕ್ಕೆ ಹಾಕಿದೆ. ಆದರೆ ಜೀಪಿಗೆ ಯಾವ ಕಾಯಿದೆ? ಒಂದು ದಿನ ಹೇಳಿ ಕಳಿಸಿದೆ: “ಸುಮ್ನ ಹೋಗಿ ಬರೂಣು ಬಾ.” ಬರಿಗೈಯಲ್ಲಿ ಹೋದೆವು. ಅದೇ ಹುಲ್ಲುಗಾವಲು, ಅದೇ ಬಾನೆಟ್ಟು, ಎರಡು ಬುತ್ತಿ. ಮಧ್ಯಾಹ್ನ ಒಂದು ಹೆಣ್ಣು ಹಂದಿ ಮರಿಗಳನ್ನು ಕಟ್ಟಿಕೊಂಡು ನಮ್ಮೆದುರಿಗೇ ದಾಟಿ ಹೋಯಿತು. ನಿನ್ನ ಕೈಗಳು ತಾವೇ ಮೇಲೆದ್ದು ಇಲ್ಲದ ಬಂದೂಕು ಹಿಡಿದವು. ಆಮೇಲೆ ಕೈ ಇಳಿಸಿ, “ಹೋಗವ್ವಾ, ಬಾಳೇವು ಮಾಡ್ಕೊ” ಎಂದೆ. ನಾನು ನಿನ್ನನ್ನು ಅಷ್ಟು ಪ್ರೀತಿಸಿದ ದಿನ ಇನ್ನೊಂದಿಲ್ಲ, ಕುಬೇರಾ. ಶಿಕಾರಿ ಒಂದು ನೆಪ, ಜೀಪು ಒಂದು ನೆಪ, ನಮಗೆ ಬೇಕಾಗಿದ್ದುದು ಒಬ್ಬರ ಬಾಜು ಒಬ್ಬರು ಕುಳಿತುಕೊಳ್ಳುವುದು ಎಂದು ಅನ್ನಿಸಿತು. ಬರುವಾಗ ಹಾಡುತ್ತ ಬಂದೆವು. ನಿನಗೆ ದನಿ ಇಲ್ಲ, ಆದರೂ ಹಾಡಿದೆ.

ಹಳ್ಳ ಬಂತು. ಮತ್ತಿ ಮರದ ಕೆಳಗೆ ಜೀಪು ನಿಂತಿತು.

ನೀನು ನನ್ನ ಕಡೆ ನೋಡದೆ, “ನೀರು ನೋಡು” ಎಂದೆ. ಹಿಂದುಗಡೆ ಹಂದಿ ಇರಲಿಲ್ಲ, ರಕ್ತ ಇರಲಿಲ್ಲ, ಹಿಡಿದುಕೊಳ್ಳುವಂಥದ್ದು ಏನೂ ಇರಲಿಲ್ಲ. ಎರಡು ಖಾಲಿ ಅರಿವೆ ಇದ್ದವು. ನಾನು ಇಳಿದು, ಟವೆಲ್ ಸುತ್ತಿ ಮುಚ್ಚಳ ತೆಗೆದೆ. ಬಿಸಿ ನೀರು ಉಕ್ಕಿ ಮಣಿಕಟ್ಟು ಸುಟ್ಟಿತು. ರೇಡಿಯೇಟರು ತುಂಬಿತ್ತು. ಕಂಠಮಟ ತುಂಬಿತ್ತು. ಮುಚ್ಚಳ ಹಾಕಿ ನಿನ್ನ ಮುಖ ನೋಡಿದೆ, ನೀನು ಸ್ಟೇರಿಂಗ್ ನೋಡುತ್ತಿದ್ದೆ. ನಾನು ಹಿಂದೆ ಹತ್ತಲಿಲ್ಲ. ಮುಂದೆಯೂ ಹತ್ತಲಿಲ್ಲ. ಹೊಲದ ಬದುವಿಗೆ ಇಳಿದು ನಮ್ಮ ಕೇರಿಯ ಕಡೆ ನಡೆದುಬಿಟ್ಟೆ. ಬಹಳ ದೂರದವರೆಗೆ ಜೀಪು ನಿಂತಲ್ಲೇ ಗುರುಗುಡುತ್ತಿದ್ದುದು ಕೇಳುತ್ತಿತ್ತು. ನೀನು ಕರೆಯುತ್ತೀ ಎಂದು ನಡಿಗೆ ಸಾವಕಾಶ ಮಾಡಿದ್ದೆ, ಅದನ್ನೂ ಬರೆದುಬಿಡುತ್ತೇನೆ.

ಆಮೇಲೆ ಈ ನೌಕರಿ ಸಿಕ್ಕಿತು, ನವಲಗುಂದಕ್ಕೆ ಬಂದೆ. ಹಬ್ಬಕ್ಕೆ ಊರಿಗೆ ಬಂದರೂ ನಿಮ್ಮ ಓಣಿಗೆ ಕಾಲಿಡಲಿಲ್ಲ. ಮಲ್ಲಕ್ಕ ತೀರಿಕೊಂಡ ಸುದ್ದಿ ಕೇಳಿ ಬಂದವನು ದೂರ ನಿಂತು ಕೈಮುಗಿದು ಹೋದೆ. ನೀನು ನೋಡಿದೆಯೋ ಇಲ್ಲವೋ ತಿಳಿಯದು. ನೀನು ನನ್ನನ್ನು ಹಳ್ಳದಲ್ಲಿ ಇಳಿಸುವುದು ಅವ್ವನ ಸಲುವಾಗಿ ಎಂದು ನನ್ನ ಮನಸ್ಸಿನಲ್ಲಿ ನಾನೇ ನಿನ್ನ ಪರವಾಗಿ ಎಷ್ಟೋ ವಾದ ಮಾಡಿದ್ದೆ. ಈಗ ಅವ್ವನ ಹೆಸರು ಹೇಳಲು ನಿನಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಕಟ್ಟೆಯ ಮೇಲಿನ ಹಿರಿಯರೂ ಒಬ್ಬೊಬ್ಬರಾಗಿ ಹೋದರಂತೆ. ಇನ್ನು ಯಾರು ಉಳಿದರು ಹೇಳು?

ಬಂದು ನೋಡಿಕೊಂಡು ಹೋಗು ಎಂದೆಯಲ್ಲ, ನೋಡಲು ನನಗೇನೂ ಉಳಿದಿಲ್ಲ. ಆ ಜೀಪಿನ ಒಂದೊಂದು ಬೋಲ್ಟು ನನ್ನ ಕೈಗೆ ಗೊತ್ತು. ನಾನು ನೋಡದೆ ಇರುವುದು ಒಂದೇ. ಆ ಹಳ್ಳದಿಂದ ನಮ್ಮ ಅಗಸಿಯವರೆಗಿನ ದಾರಿ, ಅಲ್ಲಿಂದ ನಿಮ್ಮ ಬಾಗಿಲವರೆಗಿನ ಓಣಿ ಮುಂದಿನ ಸೀಟಿನಿಂದ ಹೇಗೆ ಕಾಣುತ್ತದೆ ಎನ್ನುವುದು. ಇಷ್ಟು ವರ್ಷ ಅದು ನನಗೆ ಹಿಮ್ಮುಖವಾಗಿಯೇ ಕಂಡಿದೆ, ಧೂಳಿನಲ್ಲಿ ದೂರ ಸರಿಯುತ್ತ. ನಿನ್ನೆಯಿಂದ ಕಾಲು ನಿಲ್ಲದೆ ಇರುವುದು ಇದಕ್ಕೇ ಎಂದು ಈಗ ಬರೆಯುತ್ತ ಬರೆಯುತ್ತ ಗೊತ್ತಾಯಿತು.

ಆದ್ದರಿಂದ ಕೇಳು. ಬನ್ನಿಯ ದಿನ ಇಳಿಹೊತ್ತಿಗೆ ನಾನು ಬಸ್ಸಿನಲ್ಲಿ ಬರುತ್ತೇನೆ. ಊರಿನಲ್ಲಿ ಇಳಿಯುವುದಿಲ್ಲ, ಹಳ್ಳದ ಹತ್ತಿರ ಇಳಿದು ಮತ್ತಿ ಮರದ ಕೆಳಗೆ ನಿಲ್ಲುತ್ತೇನೆ. ನೀನು ಜೀಪು ತೆಗೆದುಕೊಂಡು ಅಲ್ಲಿಗೆ ಬಾ. ಖಂಡೆಪೂಜೆಯಲ್ಲಿ ಜೀಪಿಗೆ ಹಚ್ಚಿದ ಕುಂಕುಮ ಹಾಗೇ ಇರಲಿ, ಗಾಜು ಮಡಚಿಕೊಂಡು ಬಾ. ನಾನು ಬಲಗಡೆಗೆ ಹತ್ತುತ್ತೇನೆ. ಅಗಸಿಯಲ್ಲಿ ಜೋರು ಮಾಡಬೇಡ, ಸಾವಕಾಶ ಹೋಗೋಣ. ನಿಮ್ಮ ಬಾಗಿಲಲ್ಲಿ ನಿಲ್ಲಿಸು. ಮೊದಲೆಲ್ಲ ಪ್ರತಿ ವರ್ಷ ನೀನು ಬನ್ನಿ ಎಲೆಯನ್ನು ಕಟ್ಟೆಯ ಕಲ್ಲಿನ ಮೇಲೆ ಇಡುತ್ತಿದ್ದೆ, ನಾನು ಅಲ್ಲಿಂದ ಎತ್ತಿಕೊಳ್ಳುತ್ತಿದ್ದೆ. ಈ ಸಲ ಕೈಯಲ್ಲಿ ಕೊಡು. ಅಷ್ಟಾದರೆ ಇಂಜಿನ್ ಶೇಂಗಾ ಒಡೆಯಲಿ, ತಗಡು ಗುಜರಿಗೆ ಹೋಗಲಿ, ನನಗೆ ದುಃಖವಿಲ್ಲ.

ಬರದಿದ್ದರೆ ಸಂಜೆಯ ಬಸ್ಸಿಗೆ ತಿರುಗಿ ಹೋಗುತ್ತೇನೆ. ಸಿಟ್ಟಿನಿಂದ ಅಲ್ಲ, ದಣಿವಿನಿಂದ. ಆಮೇಲೆ ಬರೆಯುವುದಿಲ್ಲ.

ನಮ್ಮ ಮಂದಿ ಪಂಪು ಹೊತ್ತುಕೊಂಡು ಬರುತ್ತಿದ್ದಾರೆ, ಗಾಡಿ ತೆಗೆಯಬೇಕು. ನಿನ್ನ ಮನೆ, ಮಕ್ಕಳು, ಹೊಲ ಎಲ್ಲ ತಂಪಾಗಿರಲಿ. ಹಂದಿಗಳು ನಿನ್ನ ಶೇಂಗಾ ತಿಂದರೂ ಒಂದಿಷ್ಟು ಉಳಿಸಲಿ. ಬನ್ನಿ ತೊಗೊಂಡು ಬಂಗಾರದ್ಹಾಂಗ ಇರೂಣು.

ಮತ್ತಿ ಮರದ ಕೆಳಗೆ ಕಾಯುವ,
ನಿನ್ನ ಗಂಗಪ್ಪ

ತಾ.ಕ.: ರೇಡಿಯೇಟರಿಗೆ ನೀರು ಮನೆಯಲ್ಲೇ ತುಂಬಿಕೊಂಡು ಬಾ.