ಮರದ ತುಂಡು ಇಡದ ಜಾಗ

ಕಲ್ಲು ಪರೀಕ್ಷೆಯ ಕೋಣೆಯಿಂದ,
ಗುರುವಾರ ಸಂಜೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸುರಂಗದ ದೂಳಿಗೆ ಹಿಡಿದ ಕೆಮ್ಮು ಬಿಟ್ಟಿತೇ? ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ, 'ಕಳ್ಳನ ಥರ ಕಾಣ್ತೀನಕ್ಕಾ' ಅನ್ನುತ್ತೀಯ. ಆ ಕತ್ತಲಲ್ಲಿ ನಿನ್ನ ಚೆಂದ ನೋಡುವವರಾದರೂ ಯಾರೋ? ಅಮ್ಮ ಚೆನ್ನಾಗಿದ್ದಾಳೆ. ನೀನು ಕೊರೆಯುವ ತಂಡದ ಮೇಸ್ತ್ರಿಯಾದೆ ಎಂದು ಓಣಿಗೆಲ್ಲ ಸಾರಿ ಬಂದಿದ್ದಾಳೆ. ಮಧ್ಯಾಹ್ನದಿಂದ ಫೋನ್ ಮಾಡಿ ಮಾಡಿ ಸಾಕಾಯಿತು, ನಿಮ್ಮ ಕಡೆ ಯಾರಿಗೂ ಹತ್ತುತ್ತಿಲ್ಲ. ಖಾಲಿ ಪೆಟ್ಟಿಗೆ ಒಯ್ಯಲು ಬಂದ ಜೀಪಿನ ಡ್ರೈವರ್ ಹೊರಗೆ ಕಾಯುತ್ತಿದ್ದಾನೆ. ಅವನ ಕೈಯಲ್ಲೇ ಇದನ್ನು ಕಳಿಸುತ್ತೇನೆ.

ಸುರಂಗದ ಮುಂದಿನ ಬಂಡೆ ಹೇಗಿದೆ ಎಂದು ತಿಳಿಯಲು ನೀವು ಕೊರೆದು ತೆಗೆದು, ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ ಕಳಿಸಿದ ಕೋಲಿನಂಥ ದುಂಡು ಕಲ್ಲುಗಳನ್ನು ಹೋದ ವಾರ ನಾನೇ ಯಂತ್ರದಲ್ಲಿಟ್ಟು ಒತ್ತಿದೆ. ಸಣ್ಣ ಹರಳು, ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿದೆ, ಒಳಗೆ ತೂತಿಲ್ಲ. ಒಡೆಯುವಾಗ ಕೋಣೆಯೇ ನಡುಗಿತು. ನೀರಲ್ಲಿ ನೆನೆಸಿ ಒತ್ತಿದರೂ ಹೆಚ್ಚು ಸೋಲಲಿಲ್ಲ. ನಮ್ಮ ಸಾಹೇಬರು ಆ ಲೆಕ್ಕವನ್ನು ನಿಮ್ಮ ದೊಡ್ಡ ಇಂಜಿನಿಯರಿಗೆ ಕಳಿಸಿದರು. ಅವರು ಖುಷಿಯಾಗಿ, ಇಂಥ ಬಂಡೆಗೆ ಕಬ್ಬಿಣದ ಕಮಾನಿನ ಆಸರೆ ಬೇಡ ಅಂದರಂತೆ. ನನಗೂ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ಇವತ್ತು ಮಧ್ಯಾಹ್ನ ಪೆಟ್ಟಿಗೆ ಖಾಲಿ ಮಾಡುವಾಗ ಎರಡು ತುಂಡುಗಳ ತುದಿ ಒಂದಕ್ಕೊಂದು ಕೂಡಲಿಲ್ಲ. ಒಂದರ ತುದಿಯಲ್ಲಿ ಸೋಪಿನ ಹಾಗೆ ಜಾರುವ ಜೇಡಿಮಣ್ಣು ಅಂಟಿತ್ತು. ಟೇಪು ಹಿಡಿದು ಅಳೆದೆ. ನಾನು ಒತ್ತಲು ತೆಗೆದ ತುಂಡುಗಳನ್ನು ಲೆಕ್ಕಕ್ಕೆ ಸೇರಿಸಿದರೂ, ಪೆಟ್ಟಿಗೆಯ ಮೇಲೆ ನೀನು ಬರೆದ ಉದ್ದಕ್ಕೂ ಒಳಗಿನ ಕಲ್ಲಿಗೂ ಒಂದು ಮೊಳ ವ್ಯತ್ಯಾಸ. ಕೊರೆಯುವ ನೀರಿಗೆ ಜೇಡಿ ಕೊಚ್ಚಿಹೋಗಿ ಕಲ್ಲು ಸಿಗದಿದ್ದರೆ, ಆ ಜಾಗದಲ್ಲಿ ಅಷ್ಟೇ ಉದ್ದದ ಮರದ ತುಂಡು ಇಡಬೇಕು ಎಂದು ಕೆಲಸಕ್ಕೆ ಸೇರಿದ ದಿನವೇ ನಿನಗೆ ಹೇಳಿಕೊಟ್ಟಿದ್ದಾರೆ. ನೀನು ಇಡಲಿಲ್ಲ. ಆಚೀಚೆಯ ಕಲ್ಲನ್ನು ಸರಿಸಿ ಸಾಲು ತುಂಬಿಸಿದೆ. ಮೇಸ್ತ್ರಿಯಾದ ಮೇಲಿನ ಮೊದಲ ಪೆಟ್ಟಿಗೆ, ಚೆಂದ ಕಾಣಲಿ ಎಂದುಕೊಂಡಿರುತ್ತೀಯ. ಮನೆ ಗುಡಿಸು ಎಂದರೆ ಕಸವನ್ನೆಲ್ಲ ಚಾಪೆಯ ಕೆಳಗೆ ತಳ್ಳುತ್ತಿದ್ದವನು ನೀನು, ನನಗೆ ಗೊತ್ತಿಲ್ಲವೇ?

ನನಗೆ ಕೋಪ ಬಂದಿದೆ, ಅದಕ್ಕಿಂತ ಹೆಚ್ಚು ಹೆದರಿಕೆಯಾಗಿದೆ. ನಾನು ಒತ್ತಿ ನೋಡಿದ್ದು ಗಟ್ಟಿ ತುಂಡುಗಳನ್ನು ಮಾತ್ರ. ಇಟ್ಟಿಗೆ ಎಷ್ಟೇ ಗಟ್ಟಿಯಿದ್ದರೂ ನಡುವಿನ ಗಾರೆ ಕಲಸಿದ ಮಣ್ಣಾದರೆ ಗೋಡೆ ನಿಲ್ಲುತ್ತದೆಯೇ? ಬೆಟ್ಟವೂ ಹಾಗೇ. ಬಿರುಕು ಎಲ್ಲಿದೆ, ಯಾವ ಕಡೆಗೆ ವಾಲಿದೆ, ಅದರೊಳಗೆ ಏನು ತುಂಬಿದೆ, ನೀರು ಇಳಿಯುತ್ತದೆಯೇ ಎಂಬುದನ್ನೂ ನೋಡಬೇಕು. ಜೇಡಿಗೆ ನೀರು ತಾಗಿದರೆ ಮೇಲಿನ ಬಂಡೆ ಇಡಿಯಾಗಿಯೇ ಜಾರಿ ಬರುತ್ತದೆ. ಕೋಣೆಯನ್ನೇ ನಡುಗಿಸಿದ ಕಲ್ಲು ತಲೆಯ ಮೇಲೆ ಬಿದ್ದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಸುರಂಗ ಎಲ್ಲಿಗೆ ಬಂತು ಎಂದು ಡ್ರೈವರನನ್ನು ಕೇಳಿದೆ. ನಾಳೆ ಬೆಳಗಿನ ಪಾಳಿಯವರು ಸರಿಯಾಗಿ ಆ ಜಾಗವನ್ನೇ ತಲುಪುತ್ತಾರೆ. ಆ ಪಾಳಿ ನಿನ್ನದೇ ಅಂತೆ.

ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ನೂರು ಕಾಲ ಬಾಳು ಎಂದು ಇವತ್ತು ಬಾಯಿಮಾತಿಗೆ ಬರೆಯುತ್ತಿಲ್ಲ.

ನಿನ್ನ
ಅಕ್ಕ

ತಾ.ಕ.: ಡ್ರೈವರನ ಹತ್ತಿರ ಇನ್ನೊಂದು ಲಕೋಟೆ ಇದೆ, ದೊಡ್ಡ ಇಂಜಿನಿಯರರ ಹೆಸರಿಗೆ. ಒಂದು ಮೊಳ ಕಲ್ಲು ಇಲ್ಲ, ಕೆಲಸ ನಿಲ್ಲಿಸಿ ಎಂದು ಬರೆದು, ಸಾಹೇಬರ ಸಹಿ ಹಾಕಿಸಿದ್ದೇನೆ. ಯಾರು ಮಾಡಿದರು ಎಂದು ಬರೆದಿಲ್ಲ. ಆದರೆ ಪೆಟ್ಟಿಗೆಯ ಮೇಲಿರುವುದು ನಿನ್ನ ಅಕ್ಷರ. ಡ್ರೈವರ್ ಮೊದಲು ನಿನಗೆ ಈ ಪತ್ರ ಕೊಟ್ಟು, ಆಮೇಲೆ ಇಂಜಿನಿಯರರ ಮನೆ ಬಾಗಿಲು ತಟ್ಟುತ್ತಾನೆ. ನೀನು ಬೇಡಿದರೂ ಆ ಲಕೋಟೆಯನ್ನು ನಿನಗೆ ಕೊಡಬಾರದೆಂದು ಆಣೆ ಮಾಡಿಸಿಕೊಂಡಿದ್ದೇನೆ. ಜೀಪು ಹತ್ತಿ ಅವನ ಜೊತೆಗೇ ಹೋಗು, ನಿನ್ನ ಬಾಯಿಂದಲೇ ಹೇಳು. ನಿನ್ನ ಕೆಲಸ ಹೋಯಿತು ಎಂದು ಅಮ್ಮನಿಗೆ ನಾನು ಹೇಗಾದರೂ ಹೇಳುತ್ತೇನೆ. ಇನ್ನೊಂದನ್ನು ನನ್ನಿಂದ ಹೇಳಿಸಬೇಡ.